ಗಾಯಗೊಂಡ ಸೈನಿಕರಿಗೆ ಆಟ: ದಾವಣಗೆರೆ, ಚಿತ್ರದುರ್ಗದ ಮನೆಗಳಿಂದ ಪದೇ ಪದೇ ಬರುವ ಪ್ರಶ್ನೆಗಳು

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಸೇನೆಯಲ್ಲಿದ್ದಾಗ ಗಾಯವಾಗಿ ಊರಿಗೆ ಬಂದವರ ಮನೆಯವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಜಗಳೂರು, ಹೊಳಲ್ಕೆರೆ, ಚಳ್ಳಕೆರೆ, ಹರಿಹರ, ಯಾವ ಕಡೆಯಿಂದ ಬಂದರೂ ಮೊದಲ ಮಾತು ಒಂದೇ: "ಇಷ್ಟೆಲ್ಲಾ ಅನುಭವಿಸಿ ಬಂದಿದ್ದಾರೆ, ಇನ್ನು ಆಟ ಗೀಟ ಯಾಕೆ? ಸುಮ್ನೆ ಮನೇಲಿ ಆರಾಮಾಗಿ ಇರಲಿ ಬಿಡಿ." ಪ್ರೀತಿಯಿಂದಲೇ ಆಡುವ ಮಾತು ಅದು. ಆದರೆ ಆ ಆರಾಮೇ ಎಷ್ಟೋ ಜನರನ್ನು ಹಾಸಿಗೆ ಹಿಡಿಸುತ್ತದೆ. ಅದಕ್ಕೇ ಇದನ್ನು ಬಿಡಿಸಿ ಬರೆದಿದ್ದೇನೆ.

ಆಟ ಅನ್ನೋದು ಪೂರ್ತಿ ವಾಸಿಯಾದ ಮೇಲಿನ ಮಾತಲ್ವಾ?

ಅಲ್ಲ. ಆಟ ಚಿಕಿತ್ಸೆಯ ಒಂದು ಭಾಗ. ಇದು ಇವತ್ತಿನ ಹೊಸ ಫ್ಯಾಷನ್ ಕೂಡ ಅಲ್ಲ. ಎರಡನೇ ಮಹಾಯುದ್ಧದ ತನಕ ಬೆನ್ನುಹುರಿಗೆ ಪೆಟ್ಟು ಬಿದ್ದ ಸೈನಿಕನನ್ನು ವೈದ್ಯರೇ ಕೈಬಿಡುತ್ತಿದ್ದರು. ಹೆಚ್ಚಿನವರು ಒಂದೆರಡು ವರ್ಷದೊಳಗೆ ತೀರಿಕೊಳ್ಳುತ್ತಿದ್ದರು. ಅವರನ್ನು ಕೊಲ್ಲುತ್ತಿದ್ದದ್ದು ಗುಂಡಲ್ಲ, ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂಥವರಿಗಾಗಿಯೇ ಒಂದು ವಿಭಾಗ ಶುರುವಾಯಿತು. ಅದರ ಮುಖ್ಯಸ್ಥ ಲುಡ್ವಿಗ್ ಗುಟ್‌ಮನ್, ನಾಜಿಗಳ ಕಾಟ ತಾಳಲಾರದೆ ಜರ್ಮನಿ ಬಿಟ್ಟು ಬಂದ ನರರೋಗ ವೈದ್ಯ. ಅವರು ಮೊದಲು ಮಾಡಿದ್ದು ಸಾದಾ ಕೆಲಸ: ರೋಗಿಗಳನ್ನು ಹೊತ್ತುಹೊತ್ತಿಗೆ ಹೊರಳಿಸಿ ಮಲಗಿಸುವುದು, ಎಬ್ಬಿಸಿ ಕೂರಿಸುವುದು, ಕೈಗೆ ಏನಾದರೂ ಕೆಲಸ ಕೊಡುವುದು. ಕೂತ ಹುಡುಗರು ವೀಲ್‌ಚೇರ್‌ನಲ್ಲೇ ಊರುಗೋಲು ಹಿಡಿದು ಪೋಲೋ ಥರದ ಆಟ ಆಡತೊಡಗಿದರು. ಗುಟ್‌ಮನ್ ಅದನ್ನು ತಡೆಯಲಿಲ್ಲ. ಆಟವನ್ನೇ ಚಿಕಿತ್ಸೆಯ ಪಟ್ಟಿಗೆ ಸೇರಿಸಿದರು.

1948ರ ಜುಲೈ 29ರಂದು ಲಂಡನ್ ಒಲಿಂಪಿಕ್ಸ್ ಉದ್ಘಾಟನೆ. ಅದೇ ದಿನ ಆ ಆಸ್ಪತ್ರೆಯ ಹುಲ್ಲುಹಾಸಿನ ಮೇಲೆ ಗಾಯಗೊಂಡ 16 ಸೈನಿಕರು, ಅವರಲ್ಲಿ ಇಬ್ಬರು ಹೆಂಗಸರು, ಬಿಲ್ಲುಗಾರಿಕೆ ಸ್ಪರ್ಧೆ ಆಡಿದರು. 1952ರಲ್ಲಿ ನೆದರ್ಲೆಂಡ್ಸ್‌ನ ಮಾಜಿ ಸೈನಿಕರು ಬಂದು ಸೇರಿಕೊಂಡರು. 1960ರಲ್ಲಿ ರೋಮ್‌ನಲ್ಲಿ ಮೊದಲ ಪ್ಯಾರಾಲಿಂಪಿಕ್ಸ್ ನಡೆಯಿತು. ಈಗ ಟಿವಿಯಲ್ಲಿ ನೋಡುವ ಅಷ್ಟು ದೊಡ್ಡ ಕೂಟ ಹುಟ್ಟಿದ್ದು ಮಿಲಿಟರಿ ವಾರ್ಡಿನಿಂದ.

ನಮ್ಮ ಸೇನೆಯಲ್ಲಿ ಹೀಗೆ ಚೇತರಿಸಿಕೊಂಡವರು ಇದ್ದಾರಾ?

ಇದ್ದಾರೆ. ಭಾರತಕ್ಕೆ ಪ್ಯಾರಾಲಿಂಪಿಕ್ಸ್‌ನ ಮೊದಲ ಚಿನ್ನ ತಂದವರೇ ಒಬ್ಬ ಜವಾನ. ಮಹಾರಾಷ್ಟ್ರದ ಮುರಳಿಕಾಂತ್ ಪೇಟ್ಕರ್ ಸೇನೆಯಲ್ಲಿ ವಾಹನ, ಯಂತ್ರಗಳ ದುರಸ್ತಿ ನೋಡಿಕೊಳ್ಳುವ ಇಎಂಇ ದಳದಲ್ಲಿದ್ದರು, ಒಳ್ಳೆ ಬಾಕ್ಸರ್. 1965ರ ಯುದ್ಧದಲ್ಲಿ ಗುಂಡುಗಳು ಹೊಕ್ಕು ಸೊಂಟದ ಕೆಳಗೆ ಸ್ವಾಧೀನ ತಪ್ಪಿತು. ಚಿಕಿತ್ಸೆಗೆಂದು ನೀರಿಗಿಳಿದವರು ಈಜುಗಾರರೇ ಆಗಿಬಿಟ್ಟರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಸರ್ಕಾರ ಪದ್ಮಶ್ರೀ ಕೊಟ್ಟಿದ್ದು 2018ರಲ್ಲಿ. ಇಷ್ಟು ವರ್ಷ ಅವರ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿರಲಿಲ್ಲ ಅನ್ನೋದು ನನಗೆ ಇವತ್ತಿಗೂ ಬೇಜಾರು.

ಮೇಜರ್ ಡಿ.ಪಿ. ಸಿಂಗ್ ಕಾರ್ಗಿಲ್ ಯುದ್ಧದಲ್ಲಿ ಕಾಲು ಕಳೆದುಕೊಂಡು, ಆಮೇಲೆ ಬ್ಲೇಡ್ (ಓಡಲೆಂದೇ ಮಾಡಿದ ಬಾಗಿದ ಕೃತಕ ಕಾಲು) ಕಟ್ಟಿಕೊಂಡು ಮ್ಯಾರಥಾನ್ ಓಡಿದವರು. ನೆಲಬಾಂಬ್ ಸ್ಫೋಟದಲ್ಲಿ ಎಡಗಾಲು ಹೋದ ಆನಂದನ್ ಗುಣಶೇಖರನ್, 2019ರಲ್ಲಿ ಚೀನಾದ ವುಹಾನ್‌ನಲ್ಲಿ ನಡೆದ ವಿಶ್ವ ಮಿಲಿಟರಿ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದರು.

ಗಾಯವಾಗಿ ಹತ್ತು ವರ್ಷ ಆಯ್ತು. ಈಗ ಶುರು ಮಾಡಿದರೆ ಪ್ರಯೋಜನ ಇದೆಯಾ?

ನಾಗಾಲ್ಯಾಂಡ್‌ನ ಹೊಕಾಟೊ ಹೊಟೊಝೆ ಸೆಮಾ ಅವರನ್ನು ನೋಡಿ. ಜಮ್ಮು ಕಾಶ್ಮೀರದಲ್ಲಿ ನೆಲಬಾಂಬ್ ಸಿಡಿದು ಮೊಣಕಾಲಿನ ಕೆಳಗೆ ಎಡಗಾಲು ಹೋಗಿದ್ದು 2002ರಲ್ಲಿ. ಪುಣೆಯಲ್ಲಿ ಗುಂಡು ಎಸೆತ (ಶಾಟ್‌ಪುಟ್) ಶುರು ಮಾಡಿದ್ದು 2016ರಲ್ಲಿ, ವಯಸ್ಸು ಆಗಲೇ 32. ಎರಡರ ನಡುವೆ 14 ವರ್ಷ ಇದೆ. 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ 14.65 ಮೀಟರ್ ಎಸೆದು ಕಂಚು ತಂದರು. ಎಲ್ಲರೂ ಪ್ಯಾರಿಸ್‌ಗೆ ಹೋಗಬೇಕಿಲ್ಲ. ಆದರೆ "ಕಾಲ ಮಿಂಚಿ ಹೋಯ್ತು" ಅಂತ ದಯವಿಟ್ಟು ಹೇಳಬೇಡಿ, ಅದರಲ್ಲೂ ಅವರ ಎದುರಿಗೆ.

ಆಡಿದರೆ ದೇಹಕ್ಕೆ ನಿಜವಾಗಿ ಏನು ಲಾಭ?

ಮೊದಲ ಲಾಭ ಕಾಣಿಸೋದು ಮೈದಾನದಲ್ಲಲ್ಲ, ಮನೆಯಲ್ಲಿ. ವೀಲ್‌ಚೇರ್‌ನಿಂದ ಮಂಚಕ್ಕೆ, ಮಂಚದಿಂದ ಕಮೋಡ್‌ಗೆ ದಾಟಬೇಕಾದರೆ ಇಡೀ ದೇಹದ ಭಾರವನ್ನು ಎರಡು ಕೈ ಎತ್ತಬೇಕು. ಹೆಂಡತಿಯೋ ತಮ್ಮನೋ ದಿನಕ್ಕೆ ಎಷ್ಟೋ ಸಲ ಎತ್ತಿ ಎತ್ತಿ ಅವರ ಸೊಂಟವೇ ಹಿಡಿದುಕೊಂಡಿರುತ್ತದೆ. ಎಸೆತ, ಈಜು, ಭಾರ ಎತ್ತುವುದು, ಇವುಗಳಿಂದ ಭುಜ, ತೋಳು, ಹೊಟ್ಟೆಯ ಸ್ನಾಯು ಗಟ್ಟಿಯಾದಂತೆ ಆ ದಾಟುವ ಕೆಲಸ ಅವರ ಕೈಗೇ ಬರುತ್ತದೆ. ತಾನೊಬ್ಬನೇ ಬಚ್ಚಲಿಗೆ ಹೋಗಿ ಬಂದ ದಿನ ಆ ಮನುಷ್ಯನ ಮುಖ ನೋಡಬೇಕು.

ಉಳಿದದ್ದು ನಿಧಾನಕ್ಕೆ ಬರುತ್ತದೆ. ಕೂತಲ್ಲೇ ಕೂತು ಏರುವ ತೂಕ, ಸಕ್ಕರೆ, ಬಿಪಿ ಹತೋಟಿಗೆ ಬರುತ್ತವೆ. ಮಲಬದ್ಧತೆ ಕಡಿಮೆಯಾಗುತ್ತದೆ. ರಾತ್ರಿ ನಿದ್ದೆ ಹತ್ತುತ್ತದೆ. ಕಾಲು ತೆಗೆದವರಲ್ಲಿ ಎಷ್ಟೋ ಜನರಿಗೆ ಇಲ್ಲದ ಪಾದವೇ ಉರಿದಂತೆ, ತಿರುಚಿದಂತೆ ನೋವಾಗುತ್ತದೆ. ಅದು ಸುಳ್ಳು ನೋವಲ್ಲ, ಹುಚ್ಚೂ ಅಲ್ಲ. ಮೆದುಳಿನಲ್ಲಿ ಆ ಪಾದದ ನಕ್ಷೆ ಇನ್ನೂ ಉಳಿದಿರುತ್ತದೆ, ಅಷ್ಟೇ. ಮೈ ಆಡಿಸುತ್ತಾ ಆಟದಲ್ಲಿ ಮುಳುಗಿದಾಗ ಈ ನೋವು ಹಿಂದೆ ಸರಿಯುತ್ತದೆ ಅಂತ ನನ್ನ ಹತ್ತಿರ ಬರುವವರಲ್ಲಿ ಹಲವರು ಹೇಳುತ್ತಾರೆ. ಪೂರ್ತಿ ಹೋಗುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಔಷಧಿ ಬೇಕಾದವರು ಔಷಧಿ ತೆಗೆದುಕೊಳ್ಳಲೇಬೇಕು.

ಒಂದು ಮಾತು ಸ್ಪಷ್ಟವಾಗಿರಲಿ: ಕಡಿದುಹೋದ ಬೆನ್ನುಹುರಿಯನ್ನು ಆಟ ಕೂಡಿಸುವುದಿಲ್ಲ. ಹಾಗಂತ ಆಸೆ ಹುಟ್ಟಿಸುವವರ ಹತ್ತಿರ ಹೋಗಬೇಡಿ.

ಯಾರಿಗೆ ಯಾವ ಆಟ ಸರಿ?

ಗಾಯ ಎಲ್ಲಿದೆ, ಏನೇನು ಉಳಿದಿದೆ, ಮೊದಲು ಏನು ಇಷ್ಟ ಇತ್ತು, ಈ ಮೂರನ್ನೂ ಕೂಡಿಸಿ ನೋಡಬೇಕು. ಮೂರನೆಯದನ್ನು ಯಾರೂ ಕೇಳುವುದೇ ಇಲ್ಲ. ದಾವಣಗೆರೆ ಕಡೆಯ ಗರಡಿಯಲ್ಲಿ ಬೆಳೆದು ಸೇನೆಗೆ ಹೋದ ಹುಡುಗನಿಗೆ ಬಿಲ್ಲು ಕೊಟ್ಟು ಕೂರಿಸಿದರೆ ಎರಡೇ ದಿನಕ್ಕೆ ಬೇಸರ ಬರಬಹುದು. ಅವನಿಗೆ ಪವರ್‌ಲಿಫ್ಟಿಂಗ್ ಹಿಡಿಸುತ್ತದೆ. ಬೆಂಚಿನ ಮೇಲೆ ಮಲಗಿ ಎರಡೂ ಕೈಯಿಂದ ಭಾರ ಎತ್ತುವುದು, ಕಾಲಿನ ಹಂಗಿಲ್ಲ. ಶೂಟಿಂಗ್ ಜವಾನರಿಗೆ ಗೊತ್ತಿರುವ ವಿದ್ಯೆ, ಆದರೆ ಕೆಲವರಿಗೆ ಬಂದೂಕು ಮುಟ್ಟುವುದೇ ಬೇಡ ಅನ್ನಿಸಿರುತ್ತದೆ. ಒತ್ತಾಯ ಬೇಡ.

ಜೊತೆಗಾರರು ಬೇಕು ಅನ್ನುವವರಿಗೆ ವೀಲ್‌ಚೇರ್ ಬಾಸ್ಕೆಟ್‌ಬಾಲ್ ಇದೆ. ಬುಟ್ಟಿಯ ಎತ್ತರ ಎಲ್ಲರಿಗೂ ಇರುವಷ್ಟೇ, 3.05 ಮೀಟರ್. ಆಟಗಾರರಿಗೆ ಅವರವರ ದೇಹಶಕ್ತಿ ನೋಡಿ 1ರಿಂದ 4.5ರವರೆಗೆ ಅಂಕ ಕೊಡುತ್ತಾರೆ, ಶಕ್ತಿ ಕಡಿಮೆ ಇದ್ದಷ್ಟೂ ಅಂಕ ಕಡಿಮೆ. ಅಂಕಣದಲ್ಲಿರುವ ಐವರ ಅಂಕ ಸೇರಿ 14 ದಾಟುವಂತಿಲ್ಲ. ಹಾಗಾಗಿ ಹೆಚ್ಚು ಪೆಟ್ಟು ತಿಂದವನಿಗೂ ತಂಡದಲ್ಲಿ ಜಾಗ ಇರಲೇಬೇಕು. ಈ ನಿಯಮ ನನಗೆ ತುಂಬಾ ಹಿಡಿಸಿದೆ. ಕೂತು ಆಡುವ ವಾಲಿಬಾಲ್‌ಗೆ ವೀಲ್‌ಚೇರೂ ಬೇಡ, ನೆಲದ ಮೇಲೆ ಕೂತೇ ಆಡುವುದು. ಗಂಡಸರ ನೆಟ್ 1.15 ಮೀಟರ್ ಎತ್ತರ. ನಮ್ಮ ಹಳ್ಳಿಗಳಲ್ಲಿ ವಾಲಿಬಾಲ್ ಗೊತ್ತಿಲ್ಲದವರು ಯಾರು? ಕೈಗೂ ಬಲವಿಲ್ಲದವರಿಗೆ ಬೋಚಿಯಾ ಅಂತ ಇದೆ, ಚೆಂಡನ್ನು ಗುರಿಯ ಹತ್ತಿರ ಉರುಳಿಸುವ ಆಟ.

ದುಡ್ಡು ಜಾಸ್ತಿ ಬೇಕಾ? ಸಲಕರಣೆ ಎಲ್ಲಿ ಸಿಗುತ್ತೆ?

ಓಡುವ ಬ್ಲೇಡ್, ರೇಸಿನ ವೀಲ್‌ಚೇರ್ ದುಬಾರಿ, ಲಕ್ಷಗಳ ಮಾತು. ಅದರಿಂದ ಶುರು ಮಾಡಬೇಡಿ. ಕೂತು ಎಸೆಯುವ ಆಟಗಳಿಂದ ಶುರು ಮಾಡಿ. ಅದಕ್ಕೆ ಬೇಕಾದ ಕುರ್ಚಿಯನ್ನು ನಮ್ಮೂರ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು.

ಹೇಗೆ ಅಂತ ಹೇಳುತ್ತೇನೆ. ಚೌಕ ಕಬ್ಬಿಣದ ಪೈಪಿನ ಗಟ್ಟಿ ಸ್ಟೂಲು. ಕೂರುವ ಜಾಗದ ಎತ್ತರ ಕುಶನ್ ಸೇರಿ 75 ಸೆಂಟಿಮೀಟರ್ ಮೀರಬಾರದು, ಇದು ಅಂತಾರಾಷ್ಟ್ರೀಯ ನಿಯಮ. ಎಸೆಯದ ಕೈಯಿಂದ ಹಿಡಿಯಲು ಮುಂದೆ ಒಂದು ನೇರ ಕಂಬ. ಅದು ಬಾಗಬಾರದು, ಹಾಗಾಗಿ ದಪ್ಪ ಪೈಪನ್ನೇ ಹಾಕಿಸಿ. ಅಂಚುಗಳನ್ನೆಲ್ಲಾ ಉಜ್ಜಿ ನುಣುಪು ಮಾಡಿಸಿ. ಸ್ಪರ್ಶ ಇಲ್ಲದ ಕಾಲಿಗೆ ಕಬ್ಬಿಣ ಕೊರೆದರೂ ಅವರಿಗೆ ಗೊತ್ತಾಗುವುದಿಲ್ಲ. ನಾಲ್ಕು ಮೂಲೆಗೂ ಕೊಂಡಿ ಇಟ್ಟು, ನೆಲಕ್ಕೆ ಗೂಟ ಹೊಡೆದು ಬಿಗಿಯಬೇಕು. ನಮ್ಮ ಎರೆಭೂಮಿಯಲ್ಲಿ ಮಳೆ ಬಂದ ಮಾರನೇ ದಿನ ಗೂಟ ನಿಲ್ಲುವುದಿಲ್ಲ. ಗಟ್ಟಿ ನೆಲ ನೋಡಿಕೊಳ್ಳಿ.

ಆಮೇಲೆ ವೀಲ್‌ಚೇರನ್ನು ಓರೆಯಾಗಿ ತಂದು ನಿಲ್ಲಿಸಿ, ಬ್ರೇಕ್ ಹಾಕಿ, ಅವರೇ ಕೈಯೂರಿ ದಾಟಬೇಕು. ತೊಡೆಯ ಮೇಲೆ ಅಗಲವಾದ ಪಟ್ಟಿ ಬಿಗಿಯಬೇಕು. ಎಸೆದು ಮುಗಿಸುವ ತನಕ ಪೃಷ್ಠ ಮೇಲೆದ್ದರೆ ಎಸೆತ ಲೆಕ್ಕಕ್ಕಿಲ್ಲ. ಎಡಗೈಯಲ್ಲಿ ಕಂಬ ಹಿಡಿದು, ಗುಂಡನ್ನು ಕುತ್ತಿಗೆಗೆ ಒತ್ತಿ, ಹಿಂದಕ್ಕೆ ವಾಲಿ, ಕಂಬವನ್ನು ತನ್ನ ಕಡೆ ಎಳೆಯುತ್ತಲೇ ಬಲಗೈ ಚಾಚುವುದು. ಇಡೀ ಬಲ ಆ ಎಳೆತದಲ್ಲಿದೆ. ಮೊದಲ ದಿನ ಗುಂಡು ಕಾಲ ಬಳಿಯೇ ಬೀಳುತ್ತದೆ. ಬೀಳಲಿ.

ಎಫ್57, ಟಿ64 ಅಂತೆಲ್ಲಾ ಬರೆಯುತ್ತಾರಲ್ಲ, ಏನದು?

ಟಿ ಅಂದರೆ ಓಟ ಮತ್ತು ಜಿಗಿತ, ಎಫ್ ಅಂದರೆ ಎಸೆತ. ಅಂಕಿ ದೇಹದ ಸ್ಥಿತಿ ಹೇಳುತ್ತದೆ. 50ರ ಸಾಲಿನವರು ಕೂತು ಆಡುವವರು, 60ರ ಸಾಲಿನವರು ಕೃತಕ ಕಾಲು ಹಾಕಿ ಸ್ಪರ್ಧಿಸುವವರು. ಕೈಯೂ ಸೋತವರನ್ನು ಎರಡೂ ಕೈ ಗಟ್ಟಿಯಿರುವವರ ಜೊತೆ ಸ್ಪರ್ಧೆಗೆ ಬಿಡುವುದಿಲ್ಲ. ವರ್ಗ ಹಾಕುವವರು ತರಬೇತಿ ಪಡೆದ ತಜ್ಞರು. ಸ್ಪರ್ಧೆಗೆ ಹೋಗುವಾಗ ಮಾತ್ರ ಇದರ ಚಿಂತೆ.

ಕೃತಕ ಕಾಲು ಹಾಕಿ ಆಡಿದರೆ ಗಾಯ ಆಗಲ್ವಾ?

ಎಚ್ಚರ ತಪ್ಪಿದರೆ ಆಗುತ್ತದೆ. ಉಳಿದ ಕಾಲಿನ ತುದಿ ದಿನವಿಡೀ ಒಂದೇ ಅಳತೆಯಲ್ಲಿ ಇರುವುದಿಲ್ಲ. ಬೆಳಿಗ್ಗೆ ತುಂಬಿಕೊಂಡಿದ್ದದ್ದು ಆಡಿದ ಮೇಲೆ ಸ್ವಲ್ಪ ಕುಗ್ಗುತ್ತದೆ. ಆಗ ಸಾಕೆಟ್, ಅಂದರೆ ಕೃತಕ ಕಾಲಿನಲ್ಲಿ ಆ ತುದಿ ಕೂರುವ ಕುಳಿ, ಸಡಿಲವಾಗಿ ಉಜ್ಜುತ್ತದೆ. ಹೆಚ್ಚುವರಿ ಕಾಲುಚೀಲ ಬ್ಯಾಗಿನಲ್ಲಿರಲಿ, ಸಡಿಲ ಅನ್ನಿಸಿದ ಕೂಡಲೇ ಇನ್ನೊಂದು ಪದರ ಹಾಕಿ. ಬೆವರು ಒರೆಸಿ, ಒಣ ಚೀಲ ಬದಲಿಸಿ. ಕೃತಕ ಕಾಲು ಬಿಚ್ಚಿದ ಮೇಲೆ ಚರ್ಮ ನೋಡಿ: ಕೆಂಪು ಕಲೆ ಹತ್ತು ಹದಿನೈದು ನಿಮಿಷದಲ್ಲಿ ಮಾಯವಾಗದಿದ್ದರೆ ಅವತ್ತಿಗೆ ಕೃತಕ ಕಾಲು ಬೇಡ, ಸಾಕೆಟ್ ಮಾಡಿದವರಿಗೆ ತೋರಿಸಿ. ಚರ್ಮ ಒಡೆದಿದ್ದರೆ ಈಜುಕೊಳಕ್ಕೂ ಇಳಿಯಬಾರದು.

ಬೆನ್ನುಹುರಿಗೆ ಪೆಟ್ಟಾದವರಿಗೆ ಯಾವ ಎಚ್ಚರ ಬೇಕು?

ಇದನ್ನು ನಿಧಾನವಾಗಿ ಓದಿ, ಮನೆಯ ಎಲ್ಲರಿಗೂ ಹೇಳಿ.

ಪೆಟ್ಟಿನ ಕೆಳಗಿನ ಭಾಗ ಬೆವರುವುದಿಲ್ಲ. ಏಪ್ರಿಲ್ ತಿಂಗಳ ಚಿತ್ರದುರ್ಗದ ಬಿಸಿಲು ನಮಗೇ ತಡೆಯಲ್ಲ, ಅವರ ಮೈ ಬೇಗ ಕಾದುಬಿಡುತ್ತದೆ. ಬೇಸಿಗೆಯಲ್ಲಿ ಬೆಳಿಗ್ಗೆ 8ರೊಳಗೆ ಮುಗಿಸಿ, ಇಲ್ಲ ಸಂಜೆ 5ರ ಮೇಲೆ ಹೊರಡಿ. ನೀರು ಚಿಮುಕಿಸುವ ಬಾಟಲಿ, ಒದ್ದೆ ಟವೆಲ್ ಜೊತೆಗಿರಲಿ.

ವೈದ್ಯರ ಕಾಗದದಲ್ಲಿ ಟಿ6 (ಇಲ್ಲಿ ಟಿ ಅಂದರೆ ಎದೆಮಟ್ಟದ ಬೆನ್ನುಮೂಳೆ, ಅದರ ಆರನೇ ಮಣಿ) ಅಥವಾ ಅದಕ್ಕಿಂತ ಮೇಲಿನ ಪೆಟ್ಟು ಅಂತ ಇದ್ದರೆ ಇನ್ನೊಂದು ಅಪಾಯ ಇದೆ, ಆಟೋನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು, ಮುಖ ಕೆಂಪಾಗುವುದು, ಬಿಪಿ ಒಮ್ಮೆಗೇ ಏರುವುದು. ಬಹಳ ಸಲ ಕಾರಣ ತುಂಬಿದ ಮೂತ್ರಕೋಶ ಅಥವಾ ಮಡಚಿಕೊಂಡ ಕ್ಯಾತಿಟರ್ ಪೈಪು. ಮಲಗಿಸಬೇಡಿ, ನೇರ ಕೂರಿಸಿ. ಬೆಲ್ಟು, ಪಟ್ಟಿ ಸಡಿಲಿಸಿ. ಪೈಪು ನೋಡಿ. ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಆಟಕ್ಕೆ ಮೊದಲು ಮೂತ್ರಕೋಶ ಖಾಲಿ ಮಾಡಿಕೊಂಡರೆ ಅರ್ಧ ತೊಂದರೆ ತಪ್ಪಿತು.

ಭಾರ ಬೀಳದ ಕಾಲಿನ ಮೂಳೆ ಟೊಳ್ಳಾಗಿರುತ್ತದೆ. ಚಿಕ್ಕದಾಗಿ ಬಿದ್ದರೂ ಮುರಿಯಬಹುದು, ನೋವೂ ಗೊತ್ತಾಗದು. ಕಾಲು ಊದಿದರೆ, ಬಿಸಿಯಾದರೆ ಎಕ್ಸ್‌ರೇ ತೆಗೆಸಿ. ಹಾಸಿಗೆ ಹುಣ್ಣಿಗೆ ದಿನಾ ರಾತ್ರಿ ಕನ್ನಡಿ ಹಿಡಿದು ಹಿಂಭಾಗ ನೋಡಿಕೊಳ್ಳುವುದೇ ಕಾವಲು.

ಸಿಡುಕು, ಮೌನ, ರಾತ್ರಿ ಎದ್ದು ಕೂರೋದು. ಆಟದಿಂದ ಇದು ಹೋಗುತ್ತಾ?

ಸುಧಾರಿಸುತ್ತದೆ, ಆದರೆ ಆಟ ಒಂದೇ ಸಾಲದು. ಸೇನೆಯಲ್ಲಿ ದಿನಕ್ಕೊಂದು ಕಟ್ಟುಪಾಡು ಇತ್ತು: ಎದ್ದೇಳುವ ಹೊತ್ತು, ಪಿಟಿ, ಜೊತೆಗಾರರು, ಬೈಯುವ ಹವಾಲ್ದಾರ್. ಊರಿಗೆ ಬಂದ ಮೇಲೆ ಎಲ್ಲರೂ ಕೈಮುಗಿಯುತ್ತಾರೆ, ಹಾರ ಹಾಕುತ್ತಾರೆ, ಆಮೇಲೆ ಕೇಳುವವರಿಲ್ಲ. ಬೆಳಿಗ್ಗೆ 6ಕ್ಕೆ ಮೈದಾನದಲ್ಲಿ ಯಾರೋ ಕಾಯುತ್ತಿದ್ದಾರೆ ಅನ್ನುವುದೇ ಅರ್ಧ ಮದ್ದು. ಅಲ್ಲಿ ಅಯ್ಯೋ ಪಾಪ ಅನ್ನುವವರಿಲ್ಲ. ನಿನ್ನೆಗಿಂತ ಹತ್ತು ಸೆಂಟಿಮೀಟರ್ ಕಡಿಮೆ ಬಿತ್ತು ಅಂತ ಗದರುವವರಿರುತ್ತಾರೆ.

ಆದರೆ ಕೆಟ್ಟ ಕನಸು, ಸದ್ದಿಗೆ ಬೆಚ್ಚುವುದು, ಕುಡಿತ, ಸಾಯುವ ಮಾತು ಇದ್ದರೆ ಮನೋವೈದ್ಯರು ಬೇಕೇ ಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಗಣಪತಿ ಮೆರವಣಿಗೆಯ ಪಟಾಕಿ, ಡಿಜೆ ಸದ್ದಿಗೆ ಕೆಲವರು ಕಂಗಾಲಾಗುತ್ತಾರೆ. ಓಟದ ಸ್ಪರ್ಧೆಯಲ್ಲಿ ಶುರುವಿಗೆ ಹಾರಿಸುವ ಪಿಸ್ತೂಲಿನ ಸದ್ದೂ ಹಾಗೇ. ಅಂಥವರಿಗೆ ಮೊದಲೇ ಹೇಳಿಟ್ಟು, ಸೀಟಿಯಿಂದ ಅಭ್ಯಾಸ ಶುರು ಮಾಡಿಸುತ್ತೇವೆ.

ಮನೆಯವರು ಏನು ಮಾಡಬೇಕು?

ಸ್ವಲ್ಪ ಹಿಂದೆ ಸರಿಯಬೇಕು. ಶೂ ಲೇಸು ಕಟ್ಟಲು ಹತ್ತು ನಿಮಿಷ ಹಿಡಿದರೂ ಅವರೇ ಕಟ್ಟಲಿ. ಅಮ್ಮಂದಿರಿಗೆ ಇದು ಬಹಳ ಕಷ್ಟ. "ನನ್ನ ಮಗ ಒದ್ದಾಡ್ತಿದ್ರೆ ನಾನು ನೋಡ್ತಾ ನಿಲ್ಲಬೇಕಾ?" ಅಂತ ಕಣ್ಣೀರು ಹಾಕುತ್ತಾರೆ. ಹೌದಮ್ಮ, ನಿಲ್ಲಬೇಕು. ಬೀಳುವ ಹಾಗಿದ್ದರೆ ಮಾತ್ರ ಕೈ ಕೊಡಿ. ನೀವು ಮಾಡಬೇಕಾದ ನಿಜವಾದ ಸಹಾಯ ಬೇರೆ ಇದೆ: ಬಾಗಿಲ ಹೊಸ್ತಿಲಿಗೆ ಇಳಿಜಾರು ಹಾಕಿಸಿ, ಮೈದಾನಕ್ಕೆ ಹೋಗಲು ಆಟೋ ಗೊತ್ತು ಮಾಡಿ, ಊಟದಲ್ಲಿ ಮೊಟ್ಟೆ, ಕಾಳು, ಮೊಸರು ಜಾಸ್ತಿ ಮಾಡಿ.

ಯಾರನ್ನು ಹೋಗಿ ಕೇಳಬೇಕು?

ಇನ್ನೂ ಸೇವೆಯಲ್ಲಿದ್ದರೆ ಯೂನಿಟ್ ಮೂಲಕವೇ ಕೇಳಿ. ಪುಣೆಯಲ್ಲಿ ಸೇನೆಯ ಪ್ಯಾರಾಲಿಂಪಿಕ್ ನೋಡ್ ಇದೆ, ಗಾಯಗೊಂಡ ಸೈನಿಕರಿಗೆ ಅಲ್ಲೇ ತರಬೇತಿ. ಕೃತಕ ಅಂಗಗಳ ಸೇನಾ ಕೇಂದ್ರವೂ ಪುಣೆಯಲ್ಲಿದೆ, 1944ರಿಂದ. ಸೊಂಟದ ಕೆಳಗೆ ಸ್ವಾಧೀನ ಇಲ್ಲದ ಮಾಜಿ ಸೈನಿಕರಿಗೆ ಪುಣೆಯ ಖಡ್ಕಿಯಲ್ಲಿ ಮತ್ತು ಮೊಹಾಲಿಯಲ್ಲಿ ಪುನರ್ವಸತಿ ಕೇಂದ್ರಗಳಿವೆ.

ಊರಲ್ಲೇ ಇರುವವರು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ, ಚಿಕಿತ್ಸೆಗೆ ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್‌ನಲ್ಲಿ ವಿಚಾರಿಸಿ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಸಿಆರ್‌ಸಿ, ಅಂದರೆ ಅಂಗವಿಕಲರ ಸಂಯುಕ್ತ ಪ್ರಾದೇಶಿಕ ಕೇಂದ್ರ ಇದೆ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಕೆಲಸ ಅವರಿಗೆ ಗೊತ್ತು. ಮೈದಾನಕ್ಕೆ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಗೇಟಿನಲ್ಲಿ ತಡೆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 30ನೇ ಸೆಕ್ಷನ್ ಕ್ರೀಡೆಯ ಬಗ್ಗೆಯೇ ಇದೆ ಅಂತ ಹೇಳಿ. ಗಟ್ಟಿಯಾಗಿಯೇ ಹೇಳಿ.

ಆಡಿದರೆ "ಚೆನ್ನಾಗೇ ಇದ್ದಾನಲ್ಲ" ಅಂತ ಅಂಗವಿಕಲ ಪಿಂಚಣಿ ಕಡಿಮೆ ಮಾಡಿಬಿಟ್ಟರೆ?

ಅಂಗವೈಕಲ್ಯದ ಶೇಕಡಾವಾರು ನಿರ್ಧರಿಸುವುದು ವೈದ್ಯಕೀಯ ಮಂಡಳಿ, ಅದು ನೋಡುವುದು ಗಾಯವನ್ನು. ಗುಂಡು ಎಸೆದರೆ ಹೋದ ಕಾಲು ಬರುವುದಿಲ್ಲ. ಆದರೂ ಅನುಮಾನ ಇದ್ದರೆ ಮಂಡಳಿಯ ಕಾಗದ ತೆಗೆದುಕೊಂಡು ಹೋಗಿ ಸೈನಿಕ ಕಲ್ಯಾಣ ಕಚೇರಿಯಲ್ಲಿ ಓದಿಸಿಕೊಳ್ಳಿ. ಮೈದಾನದ ಪಕ್ಕದವರ ಮಾತು ನಂಬಬೇಡಿ.

ನಮ್ಮವರು ಸಿಆರ್‌ಪಿಎಫ್. ಇದೆಲ್ಲಾ ಸೇನೆಯವರಿಗೆ ಮಾತ್ರನಾ?

ಸೇನೆಯ ಕೇಂದ್ರಗಳು ಸೇನೆಯವರಿಗೆ. ಸಿಆರ್‌ಪಿಎಫ್‌ನದೇ ದಿವ್ಯಾಂಗ ಸಬಲೀಕರಣ ಕೇಂದ್ರ ಹೈದರಾಬಾದಿನಲ್ಲಿದೆ, ಅಲ್ಲಿ ಕೇಳಿ. ಊರಿನ ಅಭ್ಯಾಸದಲ್ಲಿ ಮಾತ್ರ ಯಾವ ಭೇದವೂ ಇಲ್ಲ.

ನಮ್ಮ ತಾಲೂಕಿನಲ್ಲಿ ಇಂಥ ಸೈನಿಕ ಇವರೊಬ್ಬರೇ. ಯಾರ ಜೊತೆ ಆಡೋದು?

ಸೈನಿಕರೇ ಬೇಕು ಅಂತಿಲ್ಲ. ಚನ್ನಗಿರಿ, ಹೊಳಲ್ಕೆರೆ ಕಡೆ ಅಡಿಕೆ ಮರದಿಂದ ಬಿದ್ದು ಬೆನ್ನು ಮುರಿದವರು, ಟ್ರ್ಯಾಕ್ಟರ್ ಮಗುಚಿ ಕಾಲು ಹೋದವರು, ಹೈವೇಯಲ್ಲಿ ಬೈಕ್ ಅಪಘಾತವಾದವರು ಎಷ್ಟು ಜನ ಬೇಕು? ಅವರಿಗೆ ಸೇನೆಯ ಪಿಂಚಣಿಯೂ ಇಲ್ಲ, ಪುಣೆಯ ಕೇಂದ್ರವೂ ಇಲ್ಲ. ಇವರನ್ನೆಲ್ಲಾ ಒಂದೇ ಹೊತ್ತಿಗೆ ಮೈದಾನಕ್ಕೆ ಕರೆದರೆ, ಕವಾಯತು ಕಲಿತು ಬಂದ ಸೈನಿಕ ತಾನಾಗಿಯೇ ಮುಂದೆ ನಿಲ್ಲುತ್ತಾನೆ. ಸಾಲು ಮಾಡಿಸುತ್ತಾನೆ, ತಡವಾಗಿ ಬಂದವರನ್ನು ಗದರುತ್ತಾನೆ. ವಾರಕ್ಕೆ ಮೂರು ದಿನ, ಒಂದೊಂದು ಗಂಟೆ ಸಾಕು. ಶುರುವಿಗೆ ನಾಲ್ಕು ಜನ, ಒಂದು ಎಸೆಯುವ ಕುರ್ಚಿ, ಒಂದು ಗುಂಡು, ಅಳೆಯುವ ಟೇಪು, ನೆರಳು ಮತ್ತು ವೀಲ್‌ಚೇರ್ ಹೋಗುವಂಥ ಒಂದು ಶೌಚಾಲಯ ಇರಲಿ. ಕೊನೆಯದು ಇಲ್ಲದ ಮೈದಾನಕ್ಕೆ ಯಾರೂ ಎರಡನೇ ದಿನ ಬರುವುದಿಲ್ಲ, ಹಾಗಾಗಿ ಜಾಗ ನೋಡಲು ಹೋದಾಗ ಮೊದಲು ಅದರ ಬಾಗಿಲಿನ ಅಗಲ ಅಳೆಯಿರಿ.